ಮಾವನ ಶುಗರ್ ಟೆಸ್ಟಿನಲ್ಲಿ ಬಾಯಿ ಕ್ಯಾನ್ಸರ್ ಗೊತ್ತಾಗುತ್ತದೆಯೇ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ಮಾವನಿಗೆ 61 ವರ್ಷ, ಶುಗರ್ ಇದೆ. ದಿನಕ್ಕೆ ಏಳೆಂಟು ಸಲ ಎಲೆಯಡಿಕೆ ಬೇಕು, ಜೊತೆಗೆ ಹೊಗೆಸೊಪ್ಪು. ಎಡಗೆನ್ನೆಯ ಒಳಗೆ ಬಿಳಿ ಕಲೆ ಎದ್ದು ಎರಡು ತಿಂಗಳಾಯಿತು. ನೋವಿಲ್ಲ ಎಂದು ಸುಮ್ಮನಿದ್ದಾರೆ. ರಕ್ತದಲ್ಲಿರುವ ಸಕ್ಕರೆ ಅಣುಗಳಿಂದ ಬಾಯಿ ಕ್ಯಾನ್ಸರ್ ಪತ್ತೆ ಮಾಡಬಹುದು ಎಂದು ಓದಿದೆ. ಮೂರು ತಿಂಗಳಿಗೊಮ್ಮೆ ಮಾಡಿಸುವ ಶುಗರ್ ಟೆಸ್ಟಿನಲ್ಲೇ ಅದು ತಿಳಿಯುತ್ತದೆಯೇ?

ಉತ್ತರ: ಇಲ್ಲ. ಹೆಸರು ಒಂದೇ, ಸಕ್ಕರೆ ಬೇರೆ.

ಶುಗರ್ ಟೆಸ್ಟ್ ಅಳೆಯುವುದು ಗ್ಲೂಕೋಸನ್ನು. ನೀವು ಓದಿದ್ದು ಸಿಯಾಲಿಕ್ ಆಸಿಡ್, ಫ್ಯೂಕೋಸ್ ಇಂಥವುಗಳ ವಿಷಯ ಇರಬೇಕು. ಇವು ಹೆಚ್ಚಾಗಿ ಪ್ರೋಟೀನಿಗೋ ಜೀವಕೋಶದ ಹೊರಮೈಗೋ ಅಂಟಿಕೊಂಡಿರುತ್ತವೆ. ನಿಮ್ಮ ತೋಟದ ಹಿಂಗಾರವನ್ನೇ ನೆನೆಸಿಕೊಳ್ಳಿ. ನಡುವಿನ ದಂಟು ಪ್ರೋಟೀನ್, ಅದರಿಂದ ಹೊರಟ ಎಳೆಗಳು ಸಕ್ಕರೆಯ ಸರ, ಎಳೆಯ ತುದಿಯಲ್ಲಿರುವುದು ಸಿಯಾಲಿಕ್ ಆಸಿಡ್. ಜೀವಕೋಶ ಕ್ಯಾನ್ಸರಿಗೆ ತಿರುಗಿದಾಗ ಈ ಎಳೆಗಳ ಕಟ್ಟಣೆ ಬದಲಾಗುತ್ತದೆ, ತುದಿಯ ಸಿಯಾಲಿಕ್ ಆಸಿಡ್ ಹೆಚ್ಚುತ್ತದೆ. ಉದುರಿದ್ದು ರಕ್ತಕ್ಕೆ ಸೇರುತ್ತದೆ. ಬಾಯಿ ಕ್ಯಾನ್ಸರ್ ಇರುವವರ ರಕ್ತದಲ್ಲಿ ಇವು ಸರಾಸರಿ ಜಾಸ್ತಿ ಇರುವುದನ್ನು ನಮ್ಮ ದೇಶದ ಹಲವು ಅಧ್ಯಯನಗಳೂ ತೋರಿಸಿವೆ. ಅಂದ ಹಾಗೆ, ಸಿಯಾಲಿಕ್ ಎಂಬ ಹೆಸರು ಹುಟ್ಟಿದ್ದೇ ಎಂಜಲಿಗಿರುವ ಗ್ರೀಕ್ ಪದದಿಂದ. ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ 1936ರಲ್ಲಿ ಅದನ್ನು ದನದ ಜೊಲ್ಲುಗ್ರಂಥಿಯ ಲೋಳೆಯಿಂದ ಬೇರ್ಪಡಿಸಿದರು.

ತೊಡಕಿರುವುದು ಆ "ಸರಾಸರಿ" ಎಂಬ ಮಾತಿನಲ್ಲಿ. ಒಸಡು ಬಾತರೂ ಸಿಯಾಲಿಕ್ ಆಸಿಡ್ ಏರಬಹುದು. ಮೈಯಲ್ಲಿ ಬೇರೆಲ್ಲಾದರೂ ಉರಿಯೂತ ಇದ್ದರೂ ಅಷ್ಟೇ. ಶುಗರ್ ಇರುವವರಲ್ಲೂ ಜಾಸ್ತಿ ಇರುವುದುಂಟು. ಹಾಗಾದರೆ ಮಾವನ ರಿಪೋರ್ಟಿನಲ್ಲಿ ಹೆಚ್ಚು ಬಂದರೆ ಯಾವುದನ್ನು ದೂರುವುದು? ಕಡಿಮೆ ಬಂದರೆ ನನಗೆ ಇನ್ನೂ ಹೆದರಿಕೆ. ಕ್ಯಾನ್ಸರ್ ಸಣ್ಣದಿರುವಾಗ ಮಟ್ಟ ಏರದೆಯೂ ಇರಬಹುದು. ಅವರು ಆ ಕಾಗದ ನಿಮ್ಮ ಮುಂದೆ ಹಿಡಿದು ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಾರೆ, ಅಲ್ವಾ? ಸದ್ಯಕ್ಕೆ ಈ ಪರೀಕ್ಷೆ ಸಂಶೋಧನೆಯ ವಿಷಯ. ಅದಕ್ಕೆ ದುಡ್ಡು ಹಾಕಬೇಡಿ.

ಕಣ್ಣಿಗೆ ಕಾಣುವ ಕಲೆಗೆ ರಕ್ತ ಯಾಕೆ ಬೇಕು? ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ 2004ರವರೆಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು 35 ದಾಟಿದವರ ಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು. ರಕ್ತ ತೆಗೆಯಲಿಲ್ಲ. ಹೊಗೆಸೊಪ್ಪು, ಬೀಡಿ ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ಇಳಿಯಿತು.

ಮನೆಯಲ್ಲಿ ನೀವೂ ನೋಡಿ. ಬಾಯಿ ಚೆನ್ನಾಗಿ ಮುಕ್ಕಳಿಸಿ ಕೆಂಪು ಹೋಗಲಿ. ಚಮಚದ ಹಿಂಬದಿಯಿಂದ ಕೆನ್ನೆ ಸರಿಸಿ, ಎಲೆ ಒತ್ತಿ ಇಡುವ ಜಾಗಕ್ಕೆ ಟಾರ್ಚ್ ಬಿಡಿ. ಬಿಳಿಯ ನಡುವೆ ಕೆಂಪು ಇದೆಯೇ, ಗಟ್ಟಿಯಾಗಿದೆಯೇ? ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗುತ್ತವೆಯೇ? ಉಪ್ಪಿನಕಾಯಿ ತಾಗಿದರೆ ಉರಿಯುತ್ತದೆಯೇ? ಬೆರಳು ಹೋಗದಿದ್ದರೆ, ಉರಿದರೆ ಬಾಯಿ ಬಿಗಿಯುವ ಕಾಯಿಲೆ ಇರಬಹುದು, ಅದು ಬರುವುದು ಅಡಿಕೆಯಿಂದಲೇ. ಶುಗರ್ ಇರುವವರಿಗೆ ಫಂಗಸ್ಸಿನ ಬಿಳಿ ಪದರವೂ ಬರುತ್ತದೆ, ಅದು ಬೇರೆ. ಕೆರೆದು ನೋಡಬೇಡಿ, ಡಾಕ್ಟರಿಗೆ ಬಿಡಿ. ಈ ಯಾವುದೂ ಕಾಣದಿದ್ದರೂ ಎರಡು ವಾರ ದಾಟಿದ ಕಲೆಯನ್ನು ತೋರಿಸಲೇಬೇಕು. ನಿಮ್ಮದಕ್ಕೆ ಎರಡು ತಿಂಗಳಾಗಿದೆ.

"ಹೊಗೆಸೊಪ್ಪು ಬಿಟ್ಟರಾಯಿತು, ಅಡಿಕೆ ಏನು ಮಾಡುತ್ತದೆ?" ಎಂದು ಮಾವ ಕೇಳುತ್ತಾರೆ. ನಮ್ಮ ಊರಿನಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ, ನಮ್ಮ ಮನೆಯಲ್ಲೂ ಅಡಿಕೆಯೇ ಅನ್ನ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಮೊದಲು ಹತ್ತಿರದ ದಂತವೈದ್ಯರಿಗೆ ತೋರಿಸಿ. ಸಂಶಯ ಬಂದರೆ ಅವರು ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಕಳಿಸಬಹುದು. ಅಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಲೆಯಿಂದ ಸಣ್ಣ ಚೂರು ತೆಗೆಯುತ್ತಾರೆ, ಅದೇ ಬಯಾಪ್ಸಿ. ಖಚಿತವಾಗುವುದು ಅದರಿಂದ ಮಾತ್ರ. ಕತ್ತರಿಸಿದರೆ ಹರಡುತ್ತದೆ ಎಂದು ನೆಂಟರು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಹೆದರಿಕೆಯಿಂದ ಬಯಾಪ್ಸಿ ಮುಂದೂಡಬೇಡಿ. ಹೋಗುವಾಗ ಶುಗರ್ ರಿಪೋರ್ಟ್ ಕೈಯಲ್ಲಿರಲಿ, ಅದು ಉಪಯೋಗಕ್ಕೆ ಬರುವುದು ಗಾಯ ಮಾಯುವ ಲೆಕ್ಕಕ್ಕೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.