ಮನೆಯವರ ಹೆಣಿಗೆಯೇ ಮುಗಿದಿಲ್ಲ, ಹೊಸದಾಗಿ ಕಲಿಯುತ್ತಿರುವ ಗೆಳತಿಗೆ ಹೇಗೆ ಸಮಯ ಕೊಡಲಿ?

ಮನೆಯವರಿಗೆ ದಿನ ಹೇಳಿಟ್ಟ ನಾಲ್ಕು ಹೆಣಿಗೆ ಅರ್ಧಕ್ಕೆ ನಿಂತಿವೆ, ಗೆಳತಿ ದಿನವೂ ಸಂಜೆ ಕಡ್ಡಿ ಹಿಡಿದು ಬರುತ್ತಾಳೆ, ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ಆರು ವರ್ಷದ ಹಿಂದಿನ ನಮ್ಮ ಮನೆಯ ಜಗಲಿ ಕಣ್ಣ ಮುಂದೆ ಬಂತು.

ನಮ್ಮದು ಮಡಿಕೇರಿ. ಇಲ್ಲಿ ಸ್ವೆಟರ್ ಚಳಿಗಾಲದ ಉಡುಪು ಮಾತ್ರವಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್‌ವರೆಗೂ ಮೈಮೇಲೆ ಬೇಕು. ಆ ವರ್ಷ ನನ್ನ ಬುಟ್ಟಿಯಲ್ಲಿ ಅಮ್ಮನ ಶಾಲು, ಎರಡು ವರ್ಷದ ಮೊಮ್ಮಗನ ಸ್ವೆಟರ್, ಭಾವನವರ ಮಫ್ಲರ್ ಒಟ್ಟಿಗೇ ಇದ್ದವು. ಮೂರಕ್ಕೂ ಇಂಥ ದಿನಕ್ಕೆ ಕೊಡುತ್ತೇನೆ ಎಂದು ನಾನೇ ಬಾಯಿಬಿಟ್ಟು ಹೇಳಿದ್ದೆ.

ಆಗ ಪಕ್ಕದ ಮನೆಗೆ ರಾಯಚೂರಿನ ಹುಡುಗಿಯೊಬ್ಬಳು ಮದುವೆಯಾಗಿ ಬಂದಳು. ಗಂಡ ಬೆಳಗಿನ ಮಂಜಿನಲ್ಲಿ ಬೈಕಿನಲ್ಲಿ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದ. ಅವನಿಗೆ ತೋಳಿಲ್ಲದ ಒಂದು ಸ್ವೆಟರನ್ನು ತನ್ನ ಕೈಯಿಂದಲೇ ಹೆಣೆದು ಕೊಡಬೇಕೆಂಬುದು ಅವಳ ಆಸೆ. ಬೂದು ಬಣ್ಣದ ಉಲ್ಲನ್ ತಂದಳು, ಎಂಟನೆಯ ನಂಬರಿನ ಕಡ್ಡಿ ತಂದಳು, ಸಂಜೆ ನಾಲ್ಕೂವರೆಗೆ ಸರಿಯಾಗಿ ಜಗಲಿಗೆ ಬಂದು ಕೂರುತ್ತಿದ್ದಳು. ಮೂರು ವಾರದಲ್ಲಿ ಕೆಳಗಿನ ಪಟ್ಟಿ ಮುಗಿದು ಮೇಲೆ ಒಂದು ಗೇಣು ಬೆಳೆದಿತ್ತು.

ನನ್ನ ತಪ್ಪು ಇಲ್ಲಿಂದ ಶುರು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದರ ಅಂಚಿನಲ್ಲೇ ನಿಂತಿದ್ದೀರಿ ಎಂದು ನನಗೆ ಅನ್ನಿಸುತ್ತಿದೆ.

ಒಂದು ಸಂಜೆ ಅವಳ ಕಡ್ಡಿಯ ಮೇಲೆ 96 ಕುಣಿಕೆಗಳಿರಬೇಕಾದಲ್ಲಿ 99 ಇದ್ದವು. ಕಲಿಯುವವರೆಲ್ಲರಿಗೂ ಆಗುವಂಥದ್ದೇ ಇದು. ಸಾಲು ತಿರುಗಿಸುವಾಗ ನೂಲನ್ನು ಕಡ್ಡಿಯ ಕೆಳಗೆ ಬಿಡದೆ ಮೇಲಿನಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಮೇಲಕ್ಕೆದ್ದು ಎರಡರಂತೆ ಕಾಣುತ್ತದೆ, ಎರಡನ್ನೂ ಹೆಣೆದುಬಿಡುತ್ತಾರೆ. ಇದಕ್ಕೆ ಮದ್ದು ಸುಲಭ. ಮುಂದಿನ ಸಾಲಿನಲ್ಲಿ ಮೂರು ಕಡೆ ಎರಡೆರಡು ಕುಣಿಕೆಗಳನ್ನು ಸೇರಿಸಿ ಹೆಣೆದರೆ ಲೆಕ್ಕ ಸರಿಯಾಗುತ್ತದೆ, ನೋಡಿದವರಿಗೆ ಗೊತ್ತಾಗುವುದೂ ಇಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ತೋರಿಸಿದ್ದರೆ ಸಾಕಿತ್ತು. ಆದರೆ ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂಬತ್ತೇ ದಿನ ಉಳಿದಿತ್ತು. "ಇಲ್ಲೇ ಬಿಟ್ಟು ಹೋಗು, ನಾನು ಸರಿಮಾಡಿಡುತ್ತೇನೆ" ಎಂದೆ.

ರಾತ್ರಿ ಊಟವಾದ ಮೇಲೆ ಅವಳ ಹದಿನಾಲ್ಕು ಸಾಲುಗಳನ್ನು ಬಿಚ್ಚಿ ನಾನೇ ಹೆಣೆದೆ. ಸಮಯ ಉಳಿಸಲು ಅವಳನ್ನು ಮನೆಗೆ ಕಳಿಸಿದವಳು ಆ ಸಮಯವನ್ನೆಲ್ಲ ಅವಳ ಸ್ವೆಟರಿಗೇ ಹಾಕಿ ಕುಳಿತೆ. ಮೊಮ್ಮಗನ ಸ್ವೆಟರನ್ನು ಮುಟ್ಟಲೂ ಇಲ್ಲ.

ಒಬ್ಬರ ಹೆಣಿಗೆಯ ನಡುವೆ ಇನ್ನೊಬ್ಬರ ಕೈ ಸೇರುವುದಿಲ್ಲ. ಅವಳು ನೂಲನ್ನು ತೋರುಬೆರಳಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದಳು, ಬಿಗಿ ಕೈ. ಹತ್ತು ಸೆಂಟಿಮೀಟರಿಗೆ 24 ಕುಣಿಕೆ. ಅದೇ ಕಡ್ಡಿ, ಅದೇ ಉಲ್ಲನ್ ಇಟ್ಟುಕೊಂಡು ನನಗೆ 22. ಎರಡೇ ಕುಣಿಕೆಯ ವ್ಯತ್ಯಾಸ ಅನ್ನಿಸಬಹುದು. ಆದರೆ 96 ಕುಣಿಕೆಗಳ ಸಾಲು ಅವಳ ಕೈಯಲ್ಲಿ 40 ಸೆಂಟಿಮೀಟರ್ ಆದರೆ ನನ್ನ ಕೈಯಲ್ಲಿ ಹೆಚ್ಚುಕಡಿಮೆ ನಲವತ್ತಮೂರೂವರೆ. ಹೊಟ್ಟೆಯ ಹತ್ತಿರ ಒಂದು ಪಟ್ಟಿ ಸಡಿಲವಾಗಿ ಉಬ್ಬಿ ನಿಂತಿತು. ನನಗದು ಕಂಡಿತ್ತು. ಒಗೆದರೆ ಕೂರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಲ್ಟಾ ತಿರುಗಿಸಿ, ಬೆರಳಾಡಿಸಿದಳು. ಬೆರಳು ಸರಿಯಾಗಿ ಆ ಪಟ್ಟಿಯ ಮೇಲೆ ನಿಂತಿತು.

"ಇಲ್ಲಿಂದ ಇಲ್ಲಿಯವರೆಗೆ ನಿಮ್ಮ ಕೈ, ಅಲ್ಲವೇ ಆಂಟಿ?"

ಹೌದು ಎಂದೆ. ಚೆನ್ನಾಗಿದೆ ಎಂದಳು. ಆಮೇಲೆ ಎರಡು ದಿನ ಬಂದಳು. ಮೂರನೆಯ ದಿನ ನೆಂಟರು, ನಾಲ್ಕನೆಯ ದಿನ ತಲೆನೋವು. ದೀಪಾವಳಿಗೆ ಅವರ ಮನೆಗೆ ಹೋದಾಗ ಕಪಾಟಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಡ್ಡಿಯ ಸಮೇತ ಅದೇ ಬೂದು ಹೆಣಿಗೆ ಇತ್ತು, ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಮರುವರ್ಷ ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಉಳಿದಿದ್ದ ಎರಡು ಉಂಡೆ ಉಲ್ಲನ್ ತಂದು "ನಿಮಗೆ ಉಪಯೋಗಕ್ಕೆ ಬರುತ್ತದೆ" ಎಂದು ಕೊಟ್ಟು ಹೋದಳು. ಕ್ಷಮೆ ಕೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ಕೇಳಲಿಲ್ಲ.

ಆದ್ದರಿಂದ ಯಾವುದನ್ನು ಬಿಡಲಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗೆಳತಿ ನಿಮ್ಮ ಸಮಯ ತಿನ್ನುತ್ತಿಲ್ಲ. ನೀವು ಮನೆಯವರಿಗೆಲ್ಲ ಹೇಳಿಟ್ಟಿರುವ ದಿನಾಂಕಗಳು ತಿನ್ನುತ್ತಿವೆ. ಆ ಸಂಜೆ ನನಗೆ ಒಂಬತ್ತು ದಿನದ ಗಡುವು ಇಲ್ಲದಿದ್ದರೆ ಅವಳ ಹೆಣಿಗೆಗೆ ನಾನು ಕೈ ಹಾಕುತ್ತಲೇ ಇರಲಿಲ್ಲ.

ನಿಮ್ಮ ಗೆಳತಿ ಬರುವ ಹೊತ್ತಿಗೆ ಲೆಕ್ಕ ಬೇಡದ ಕೆಲಸವನ್ನಷ್ಟೇ ಕೈಗೆತ್ತಿಕೊಳ್ಳಿ. ಉದ್ದಕ್ಕೂ ಸೀದಾ ಹೆಣೆಯುವ ಮಫ್ಲರ್ ಇದ್ದರೆ ಅದೇ ಒಳ್ಳೆಯದು. ಎಣಿಸಿ ಹೆಣೆಯಬೇಕಾದ ವಿನ್ಯಾಸದ ಶಾಲು ಬೆಳಗಿನ ಕಾಫಿಯ ಹೊತ್ತಿಗಿರಲಿ, ನೀವೊಬ್ಬರೇ ಇರುವಾಗ. ನಿಲ್ಲಿಸಿದ ಪ್ರತಿ ಹೆಣಿಗೆಗೂ ಒಂದು ಚೀಟಿಯನ್ನು ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿ: ಕಡ್ಡಿಯ ನಂಬರು, ಎಷ್ಟನೆಯ ಸಾಲು. ತಿಂಗಳು ಬಿಟ್ಟು ಎತ್ತಿಕೊಂಡರೆ ಎಂಟನೆಯ ನಂಬರೋ ಹತ್ತನೆಯದೋ ನೆನಪಿರುವುದಿಲ್ಲ. ಉಲ್ಲನ್ ಕೊಳ್ಳುವಾಗ ಒಂದು ಸ್ವೆಟರಿಗೆ ಬೇಕಾದಷ್ಟನ್ನೂ ಒಂದೇ ಲಾಟ್ ನಂಬರಿನಲ್ಲಿ, ಅಂದರೆ ಒಟ್ಟಿಗೇ ಬಣ್ಣ ಹಾಕಿದ್ದರಲ್ಲಿ ಕೊಳ್ಳಿ. ಅದೇ ಬಣ್ಣ ಎಂದು ಆಮೇಲೆ ತಂದದ್ದು ಬಿಸಿಲಿನಲ್ಲಿ ಬೇರೆಯಾಗಿ ಕಾಣುತ್ತದೆ. ನಾಲ್ಕರಲ್ಲಿ ಮಗುವಿನದೂ ಇದ್ದರೆ ಮೊದಲು ಅದನ್ನು ಮುಗಿಸಿ, ದೊಡ್ಡವರ ಶಾಲು ಕಾಯುತ್ತದೆ, ಮಗುವಿನ ಕೈ ಕಾಯುವುದಿಲ್ಲ. ತೋಳನ್ನು ಭುಜದಿಂದ ಕೆಳಕ್ಕೆ ಹೆಣೆದರೆ ಮುಂದಿನ ವರ್ಷ ತುದಿ ಬಿಚ್ಚಿ ಉದ್ದ ಮಾಡಬಹುದು. ನನ್ನ ಮೊಮ್ಮಗನದು ತಲುಪುವ ಹೊತ್ತಿಗೆ ಮಣಿಕಟ್ಟಿನಿಂದ ಎರಡು ಬೆರಳು ಮೇಲಿತ್ತು.

ಗೆಳತಿಯ ಕಡ್ಡಿಯನ್ನು ಮಾತ್ರ ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಏನಾದರೂ ತೋರಿಸಬೇಕಾದರೆ ನಿಮ್ಮ ಮಫ್ಲರಿನಲ್ಲೇ ತೋರಿಸಿ. ಕುಣಿಕೆ ಜಾರಿ ಏಣಿಯಂತೆ ಬಿಚ್ಚಿಕೊಂಡಿದ್ದರೆ ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯನ್ನು ಅವಳ ಕೈಗೆ ಕೊಟ್ಟು, ಒಂದೊಂದೇ ಮೆಟ್ಟಿಲು ಮೇಲೆತ್ತುವುದನ್ನು ಬಾಯಲ್ಲಿ ಹೇಳಿ. ಅರ್ಧ ಗಂಟೆ ಹಿಡಿಯಲಿ. ಓರೆಯಾದರೆ ಓರೆಯಾಗಲಿ, ಅದು ಅವಳ ಗಂಡನೋ ಮಗನೋ ತೊಡುವ ಸ್ವೆಟರ್.

ಇವತ್ತು ರಾತ್ರಿ ಮನೆಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಹೇಳಿದ ದಿನಕ್ಕೆ ಆಗುವುದಿಲ್ಲ, ಮುಗಿದಾಗ ಕಳಿಸುತ್ತೇನೆ ಎಂದು ಹೇಳಿಬಿಡಿ. ನಾಳೆ ಸಂಜೆ ಅವಳು ಬರುವ ಮೊದಲೇ ಈ ಕೆಲಸ ಆಗಿರಲಿ.