ಜೋಡಿ ಸ್ಲಿಟ್ ಲೆಕ್ಕ: ಪಟ್ಟೆಗಳು ಒಂಬತ್ತೋ ಹತ್ತೋ?

ಸಿಇಟಿ, ನೀಟ್ ಹತ್ತಿರವಾದಂತೆ ಜೋಡಿ ಸ್ಲಿಟ್ (ಎರಡು ಕಿರಿದಾದ ಸೀಳುಗಳ ಮೂಲಕ ಬೆಳಕನ್ನು ಪರದೆಯ ಮೇಲೆ ಬೀಳಿಸುವ ಪ್ರಯೋಗ) ಕುರಿತ ಪತ್ರಗಳು ಹೆಚ್ಚುತ್ತವೆ, ಅವುಗಳಲ್ಲಿ ಬಹುಪಾಲು ಒಂದೇ ತಪ್ಪಿನಿಂದ ಹುಟ್ಟಿದವು. ವ್ಯತಿಕರಣ ಎಂದರೆ ಎರಡು ಸ್ಲಿಟ್‌ಗಳ ಬೆಳಕಿನ ಅಲೆಗಳು ಕೂಡಿ ಪಟ್ಟೆಗಳಾಗುವುದು, ವಿವರ್ತನೆ ಎಂದರೆ ಒಂದೊಂದು ಸ್ಲಿಟ್ ದಾಟಿದ ಬೆಳಕು ಹರಡುವುದು; ಪೂರ್ಣ ವ್ಯಾಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ, ಅದು ಪಠ್ಯಪುಸ್ತಕದಲ್ಲಿದೆ.

ಪ್ರಶ್ನೆ: ಪ್ರತಿ ಸ್ಲಿಟ್‌ನ ಅಗಲ 0.04 ಮಿ.ಮೀ., ಸ್ಲಿಟ್‌ಗಳ ಅಂತರ 0.20 ಮಿ.ಮೀ., ತರಂಗಾಂತರ 650 ನ್ಯಾನೋಮೀಟರ್, ಪರದೆಯ ದೂರ 2 ಮೀಟರ್. ವಿವರ್ತನೆಯ ಕೇಂದ್ರ ಗರಿಷ್ಠದೊಳಗೆ (ನಡುವಿನ ಅಗಲವಾದ ಬೆಳಕಿನ ಭಾಗದೊಳಗೆ) ಎಷ್ಟು ಪ್ರಕಾಶಮಾನ ಪಟ್ಟೆಗಳಿರುತ್ತವೆ? ಮಗಳಿಗೆ 10 ಬರುತ್ತಿದೆ, ಕೀ ಉತ್ತರದಲ್ಲಿ 9 ಇದೆ. – ಓದುಗರೊಬ್ಬರು, ಮಂಡ್ಯ

ಉತ್ತರ: 9 ಸರಿ. ನಿಮ್ಮ ಮಗಳು ಕೇಂದ್ರ ಗರಿಷ್ಠದ ಅಗಲವಾದ 65 ಮಿ.ಮೀ.ಯನ್ನು ಪಟ್ಟೆಯ ಅಗಲವಾದ 6.5 ಮಿ.ಮೀ.ಯಿಂದ ಭಾಗಿಸಿರುತ್ತಾಳೆ. ಎರಡು ಸಂಖ್ಯೆಗಳೂ ಸರಿ, ಆದರೆ ಆ ಭಾಗಾಕಾರದಿಂದ ಸಿಗುವುದು ಪಟ್ಟೆಗಳ ನಡುವಿನ ಅಂತರಗಳ ಎಣಿಕೆ, ಪಟ್ಟೆಗಳದ್ದಲ್ಲ. ಕೇಂದ್ರದಿಂದ 32.5 ಮಿ.ಮೀ. ದೂರದಲ್ಲಿ ವ್ಯತಿಕರಣದ ಐದನೆಯ ಪ್ರಕಾಶಮಾನ ಪಟ್ಟೆ ಬೀಳಬೇಕು. ವಿವರ್ತನೆಯ ಮೊದಲ ಕನಿಷ್ಠವೂ, ಅಂದರೆ ಬೆಳಕು ಸೊನ್ನೆಯಾಗುವ ಮೊದಲ ಬಿಂದುವೂ, ಅಲ್ಲಿಯೇ ಇದೆ. ಒಂದೊಂದು ಸ್ಲಿಟ್‌ನಿಂದಲೂ ಆ ಬಿಂದುವಿಗೆ ಬೆಳಕು ತಲುಪದಿರುವಾಗ ಎರಡನ್ನು ಕೂಡಿಸಿದರೂ ಬೆಳಕು ಬರುವುದಿಲ್ಲ. ಆದ್ದರಿಂದ ಎರಡೂ ಬದಿಯ ಐದನೆಯ ಪಟ್ಟೆಗಳು ಕಾಣೆಯಾಗಿ, ನಡುವಿನ ಒಂದು ಮತ್ತು ಅಕ್ಕಪಕ್ಕದ ನಾಲ್ಕು ನಾಲ್ಕು ಸೇರಿ 9 ಉಳಿಯುತ್ತವೆ. ನಡುವಿನದು ಒಂಟಿ, ಎರಡೂ ಬದಿಗಳು ಸಮ; ಹಾಗಾಗಿ ಈ ಎಣಿಕೆ ಯಾವಾಗಲೂ ಬೆಸಸಂಖ್ಯೆಯಾಗಿರಲೇಬೇಕು, ಸಮಸಂಖ್ಯೆ ಬಂದ ಕೂಡಲೇ ಲೆಕ್ಕವನ್ನು ಮರಳಿ ನೋಡಬೇಕು.

‘ಸ್ಲಿಟ್‌ಗಳ ಅಂತರವನ್ನು ಸ್ಲಿಟ್‌ನ ಅಗಲದಿಂದ ಭಾಗಿಸಿ, ಎರಡರಿಂದ ಗುಣಿಸಿ, ಒಂದನ್ನು ಕಳೆಯಿರಿ’ ಎಂಬ ಕಿರುದಾರಿಯನ್ನು ಬಾಯಿಪಾಠ ಮಾಡಿಸುವ ಕೋಚಿಂಗ್ ತರಗತಿಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಅನುಪಾತ ಪೂರ್ಣಾಂಕವಾದಾಗ ಮಾತ್ರ ಅದು ನಡೆಯುತ್ತದೆ. ಇದೇ ಲೆಕ್ಕದಲ್ಲಿ ಅಂತರವನ್ನು 0.18 ಮಿ.ಮೀ. ಮಾಡಿದರೆ ಅನುಪಾತ 4.5 ಆಗುತ್ತದೆ, ಕಿರುದಾರಿ 8 ಎನ್ನುತ್ತದೆ, ಆದರೆ ನಾಲ್ಕನೆಯ ಪಟ್ಟೆಯೂ ಒಳಗೇ ಇರುವುದರಿಂದ ನಿಜವಾದ ಉತ್ತರ ಮತ್ತೆ 9. ಆಗ ಮೊದಲು ಕಾಣೆಯಾಗುವುದು ಐದನೆಯದಲ್ಲ, ವಿವರ್ತನೆಯ ಎರಡನೆಯ ಕನಿಷ್ಠದ ಮೇಲೆ ಬೀಳುವ ಒಂಬತ್ತನೆಯದು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ ಎಂಬುದು ಕಲಿಸುವವರಿಗೆ ನೆನಪಿರಬೇಕು.

ಅಂತರ ಎಂದರೆ ಒಂದು ಸ್ಲಿಟ್‌ನ ನಡುವಿನಿಂದ ಇನ್ನೊಂದರ ನಡುವಿನವರೆಗಿನ ದೂರ. ಪ್ರಶ್ನೆಯಲ್ಲಿ ಸ್ಲಿಟ್‌ಗಳ ಮಧ್ಯದ ಅಪಾರದರ್ಶಕ ಭಾಗ 0.16 ಮಿ.ಮೀ. ಎಂದು ಕೊಟ್ಟಿದ್ದರೆ, ಅದಕ್ಕೆ ಒಂದು ಸ್ಲಿಟ್‌ನ ಅಗಲವನ್ನು ಕೂಡಿಸಿಯೇ ಮುಂದುವರಿಯಬೇಕು. ಕೂಡಿಸದವರಿಗೆ 7 ಬರುತ್ತದೆ. ಪ್ರಯೋಗಾಲಯದಲ್ಲಿ ಕಣ್ಣಂದಾಜಿನಿಂದ ಎಣಿಸುವವರೂ 7 ಎಂದೇ ಬರೆಯುವುದುಂಟು, ಏಕೆಂದರೆ ನಡುವಿನ ಪಟ್ಟೆಗೆ ಹೋಲಿಸಿದರೆ ಮೊದಲನೆಯದರ ತೀವ್ರತೆ ಸುಮಾರು ಶೇ. 87, ಮೂರನೆಯದರದು ಶೇ. 25, ನಾಲ್ಕನೆಯದರದು ಶೇ. 5ರಷ್ಟು ಮಾತ್ರ.

ಪ್ರಶ್ನೆ: ಉಪಕರಣವನ್ನು ನೀರಿನಲ್ಲಿ ಮುಳುಗಿಸಿದರೆ ಈ ಸಂಖ್ಯೆ ಬದಲಾಗುತ್ತದೆಯೇ?

ಉತ್ತರ: ಇಲ್ಲ; ಪಟ್ಟೆಯ ಅಗಲವೂ ಕೇಂದ್ರ ಗರಿಷ್ಠವೂ ಒಟ್ಟಾಗಿ ಮುಕ್ಕಾಲು ಪಾಲಿಗೆ ಕುಗ್ಗುತ್ತವೆ.

ಪ್ರಶ್ನೆ: ಕಪ್ಪು ಪಟ್ಟೆಯಲ್ಲಿ ಶಕ್ತಿ ನಾಶವಾಗುತ್ತದೆಯೇ?

ಉತ್ತರ: ನಾಶವಾಗುವುದಿಲ್ಲ, ಪ್ರಕಾಶಮಾನ ಪಟ್ಟೆಗಳಿಗೆ ಹಂಚಿಕೆಯಾಗುತ್ತದೆ.

ಪ್ರಶ್ನೆ: ಮೈಸೂರಿನ ಶಿಬಿರವೊಂದರಲ್ಲಿ, ನೋಡುವವರ ಮನಸ್ಸಿನಿಂದಲೇ ಬೆಳಕು ಬದಲಾಗುತ್ತದೆಂದು ಜೋಡಿ ಸ್ಲಿಟ್ ತೋರಿಸಿದೆ ಎಂದು ಹೇಳಿ ರೋಗ ಗುಣಪಡಿಸುವ ಪದಕ ಮಾರುತ್ತಿದ್ದರು. ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ, ಕೊಂಡವರಿದ್ದರೆ ಅವರ ಔಷಧಿ ನಿಲ್ಲದಂತೆ ನೋಡಿಕೊಳ್ಳಿ. ಬೆಳಕು ಯಾವ ಸ್ಲಿಟ್‌ನಿಂದ ಬಂದಿತೆಂಬುದು ಯಾವುದಾದರೂ ಉಪಕರಣದಲ್ಲಿ ದಾಖಲಾದರೆ ಪಟ್ಟೆಗಳು ಅಳಿಸಿಹೋಗುತ್ತವೆ. ಕೊಠಡಿಯಲ್ಲಿ ಮನುಷ್ಯರೇ ಇಲ್ಲದಿದ್ದರೂ ಅದು ಹಾಗೆಯೇ ನಡೆಯುತ್ತದೆ. ಇದನ್ನು ಚಿಕಿತ್ಸೆಯೆಂದು ಮಾರುವುದು ಮೋಸ.

ಪ್ರಶ್ನೆ: ಮನೆಯಲ್ಲಿ ಲೇಸರ್ ಪಾಯಿಂಟರ್‌ನಿಂದ ಪಟ್ಟೆಗಳನ್ನು ನೋಡಬಹುದೇ?

ಉತ್ತರ: ನೋಡಬಹುದು, ಗೋಡೆಯ ಮೇಲೆ ಮಾತ್ರ. 1 ಮಿಲಿವ್ಯಾಟ್ ಮೀರದ ಕೆಂಪು ಲೇಸರ್ ಸಾಕು. ಅಗ್ಗದ ಹಸಿರು ಪಾಯಿಂಟರ್‌ಗಳ ಚೀಟಿಯಲ್ಲಿರುವ ಸಾಮರ್ಥ್ಯವನ್ನು ನಾನು ನಂಬುವುದಿಲ್ಲ, ಕೆಲವದರಿಂದ ಕಣ್ಣಿಗೆ ಕಾಣದ ಅವಕೆಂಪು ಕಿರಣವೂ ಹೊರಬರುತ್ತದೆ. ಆದ್ದರಿಂದ ಅವನ್ನು ವಿದ್ಯಾರ್ಥಿಗಳ ಕೈಗೆ ಕೊಡಬಾರದೆಂಬುದೇ ನನ್ನ ಸಲಹೆ. ಲೇಸರನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಮೇಜಿಗೆ ಬಿಗಿದು ಕಟ್ಟಿ, ಕಿರಣದ ದಾರಿಯಲ್ಲಿರುವ ಕನ್ನಡಿ ಮತ್ತು ಸ್ಟೀಲ್ ಪಾತ್ರೆಗಳನ್ನು ಮೊದಲು ತೆಗೆದಿಡಿ.