ಬೆಂಕಿ ಆರಿದ ಮೇಲೆ ನಗರದ ತನಿಖಾಧಿಕಾರಿ ನಮ್ಮನ್ನು ಕೇಳದೆ ಮನೆಯೊಳಗೆ ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿ ಬೇಜಾರಾಯಿತು. ನೀವು ಊರಲ್ಲಿಲ್ಲದಾಗ ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನ ನಿಮ್ಮ ಮನೆಗೆ ಬೆಂಕಿ ಬಿದ್ದಿದೆ. ಯಾರೋ ಬೇಕಂತಲೇ ಹಚ್ಚಿದ್ದಾರೆ ಅಂತ ಅನುಮಾನ. ನಗರದ ಫೈರ್ ಇನ್ವೆಸ್ಟಿಗೇಟರ್ ನಿಮ್ಮನ್ನು ಕೇಳದೆ ಒಳಗೆ ಹೋಗಬಹುದಾ ಅಂತ ಕೇಳಿದ್ದೀರಿ. ನಾನು ಮಿಷಿಗನ್‌ನಲ್ಲೇ ವಕೀಲರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅವರು ಯಾವಾಗ ಹೋದರು, ಏನು ಹುಡುಕಲು ಹೋದರು ಎಂಬುದರ ಮೇಲೆ ಉತ್ತರ ನಿಂತಿದೆ.

ಉರಿಯುತ್ತಿರುವ ಮನೆಗೆ ನುಗ್ಗಲು ಯಾರ ಅಪ್ಪಣೆಯೂ ಬೇಡ. ಆರಿಸಿದ ಮೇಲೂ ಕಾರಣ ಪತ್ತೆ ಮಾಡಲು ಸ್ವಲ್ಪ ಹೊತ್ತು ಅಲ್ಲೇ ಇರಬಹುದು. 1978ರ ಮಿಷಿಗನ್ ವರ್ಸಸ್ ಟೈಲರ್ ಕೇಸಿನಲ್ಲಿ ಫರ್ನಿಚರ್ ಅಂಗಡಿಯೊಂದು ಸುಟ್ಟಿತ್ತು. ಕತ್ತಲು, ಹೊಗೆ, ಹಬೆಯಲ್ಲಿ ಏನೂ ಕಾಣದೆ ಅಧಿಕಾರಿಗಳು ನಸುಕಿನಲ್ಲಿ ಹೊರಟು, ಬೆಳಿಗ್ಗೆ ವಾಪಸ್ ಬಂದರು. ಅದು ಹಿಂದಿನ ಭೇಟಿಯ ಮುಂದುವರಿಕೆ, ವಾರಂಟ್ ಬೇಕಿಲ್ಲ ಎಂದಿತು ಅಮೆರಿಕದ ಸುಪ್ರೀಂ ಕೋರ್ಟ್. ವಾರಗಳ ನಂತರ ವಾರಂಟ್ ಇಲ್ಲದೆ ಹೋಗಿದ್ದನ್ನು ಮಾತ್ರ ಒಪ್ಪಲಿಲ್ಲ.

ನಿಮಗೆ ಹತ್ತಿರದ್ದು 1984ರ ಮಿಷಿಗನ್ ವರ್ಸಸ್ ಕ್ಲಿಫರ್ಡ್. ಅದೂ ಡೆಟ್ರಾಯಿಟ್‌ನದೇ. ಮನೆಯವರು ಕ್ಯಾಂಪಿಂಗ್‌ಗೆ ಹೋಗಿದ್ದರು. ಬೆಳಗಿನ ಜಾವ ಬೆಂಕಿ ಬಿತ್ತು, 7 ಗಂಟೆ ಸುಮಾರಿಗೆ ಸಿಬ್ಬಂದಿ ಆರಿಸಿ ಹೊರಟರು. ತನಿಖಾಧಿಕಾರಿ ಬಂದಿದ್ದು ಮಧ್ಯಾಹ್ನ ಒಂದಕ್ಕೆ. ಅಷ್ಟೊತ್ತಿಗೆ ಮನೆಯವರ ಪರವಾಗಿ ಕೆಲಸಗಾರರು ನೆಲಮಾಳಿಗೆಯ ನೀರು ಪಂಪ್ ಮಾಡುತ್ತಿದ್ದರು, ಕಿಟಕಿ ಬಾಗಿಲಿಗೆ ಹಲಗೆ ಹೊಡೆಯುತ್ತಿದ್ದರು. ಅಧಿಕಾರಿಗಳು ವಾರಂಟ್ ಇಲ್ಲದೆ ಇಳಿದರು. ಕೆಳಗೆ ಸಿಕ್ಕಿದ್ದು ಒಂದು ಕ್ರಾಕ್‌ಪಾಟ್, ಅಂದರೆ ನಿಧಾನವಾಗಿ ಬೇಯಿಸುವ ಕರೆಂಟ್ ಪಾತ್ರೆ. ಅದರ ವೈರು ಒಂದು ಟೈಮರ್‌ಗೆ ಹೋಗಿತ್ತು. ಟೈಮರ್ ನಸುಕಿನ 3:45ರ ಸುಮಾರಿಗೆ ಆನ್ ಆಗುವಂತೆ ಇಟ್ಟಿತ್ತು! ಆಮೇಲೆ ಮಹಡಿ ಹತ್ತಿ ಅಲ್ಲೂ ಜಾಲಾಡಿದರು. ಗೋಡೆಯಲ್ಲಿ ಮೊಳೆ ಇದೆ, ಚಿತ್ರಪಟ ಇಲ್ಲ. ಡ್ರಾಯರ್‌ಗಳಲ್ಲಿ ಬರೀ ಹಳೇ ಬಟ್ಟೆ. ಅಂದರೆ ಮನೆಯವರೇ ಬೆಲೆಬಾಳುವ ಸಾಮಾನು ಮೊದಲೇ ಸಾಗಿಸಿ ಬೆಂಕಿ ಹಚ್ಚಿದರು ಎಂಬ ಅನುಮಾನ.

ಇಷ್ಟು ಬಲವಾದ ಸಾಕ್ಷ್ಯ ಇದ್ದರೂ ಒಳಗೆ ಸಿಕ್ಕಿದ್ದನ್ನು ಕೋರ್ಟ್ ತಳ್ಳಿಹಾಕಿತು, ಐದಕ್ಕೆ ನಾಲ್ಕರ ತೀರ್ಪು. ಸಿಬ್ಬಂದಿ ಬೆಂಕಿ ಆರಿಸುವಾಗಲೇ ಕಂಡಿದ್ದ ಇಂಧನದ ಡಬ್ಬಿ ಮಾತ್ರ ಉಳಿಯಿತು. ನನಗೆ ಇದು ಸರಿಯಾದ ತೀರ್ಪು ಅಂತಲೇ ಅನಿಸುತ್ತದೆ. ಅರ್ಧ ಸುಟ್ಟರೂ ಅದು ಯಾರದೋ ಮನೆಯೇ ಅಲ್ವಾ?

ಹಾಗಂತ ನಗರದವರ ಕೈ ಕಟ್ಟಿಹಾಕಿಲ್ಲ. ಬೆಂಕಿ ಎಲ್ಲಿ, ಹೇಗೆ ಹುಟ್ಟಿತು ಎಂದು ನೋಡಲು ಆಡಳಿತಾತ್ಮಕ ವಾರಂಟ್ ಸಾಕು, ಅಂದರೆ ಅಪರಾಧದ ಆಧಾರ ತೋರಿಸದೆಯೂ ತಪಾಸಣೆಗೆ ಸಿಗುವ ಅನುಮತಿ. ಆ ಹುಡುಕಾಟದಲ್ಲಿ ಕಣ್ಣಿಗೆ ಬಿದ್ದ ಸಾಕ್ಷ್ಯವನ್ನೂ ತೆಗೆದುಕೊಳ್ಳಬಹುದು. ಅಪರಾಧದ ಸಾಕ್ಷ್ಯಕ್ಕೆಂದೇ ಶೋಧಿಸುವುದಾದರೆ, ಬಲವಾದ ಆಧಾರ ತೋರಿಸಿ ಕ್ರಿಮಿನಲ್ ಸರ್ಚ್ ವಾರಂಟ್ ತರಬೇಕು. ನಮ್ಮ ಬೆಂಗಳೂರಿನ ಲೆಕ್ಕ ಬೇರೆ. ಅಲ್ಲಿ ಪೊಲೀಸರು ಬಂದು ಮಹಜರು ಮಾಡುತ್ತಾರೆ, ತುರ್ತಿದ್ದರೆ ಕಾರಣ ಬರೆದಿಟ್ಟು ವಾರಂಟ್ ಇಲ್ಲದೆಯೂ ಶೋಧಿಸಬಹುದು.

ನೀವೀಗ ಮಾಡಬೇಕಾದದ್ದು: ಸಿಬ್ಬಂದಿ ಎಷ್ಟು ಗಂಟೆಗೆ ಹೊರಟರು, ತನಿಖಾಧಿಕಾರಿ ಯಾವಾಗ ಬಂದರು, ಹಲಗೆ ಹೊಡೆಸಿದ್ದು ಯಾವಾಗ, ಎಲ್ಲ ಬರೆದಿಡಿ. ಯಾರಾದರೂ ಬಂದರೆ ವಾರಂಟ್ ಇದೆಯಾ ಅಂತ ಮರ್ಯಾದೆಯಿಂದ ಕೇಳಿ. ಅಡ್ಡ ನಿಲ್ಲಬೇಡಿ. ಸುಮ್ನೆ "ಹೋಗಿ ನೋಡಿ" ಅಂದುಬಿಟ್ಟರೆ ಅದೇ ಒಪ್ಪಿಗೆ, ಆಮೇಲೆ ವಾರಂಟ್ ಮಾತೇ ಬರುವುದಿಲ್ಲ. ಇನ್ಶೂರೆನ್ಸ್ ಕಂಪನಿಯವರಿಗೆ ಈ ವಾರಂಟ್ ನಿಯಮ ಅನ್ವಯಿಸುವುದಿಲ್ಲ. ತನಿಖೆಗೆ ಸಹಕರಿಸಬೇಕು ಅಂತ ಸಾಮಾನ್ಯವಾಗಿ ಪಾಲಿಸಿಯಲ್ಲೇ ಬರೆದಿರುತ್ತದೆ. ಅವರಿಗೆ ಹೇಳಿಕೆ ಕೊಡುವ ಮೊದಲೇ ಒಬ್ಬ ವಕೀಲರನ್ನು ಕಾಣಿ.